ಗಡ್ಡೆಯನ್ನು ಓದುವ ವಿದ್ಯೆ

ಕುಂದಾಪುರ ಬಳಿಯ ವಂಡ್ಸೆಯ ರೋಗಿಯ ಗಡ್ಡೆ ಕ್ಯಾನ್ಸರೋ ಅಲ್ಲವೋ ಎಂದು ಕೊನೆಗೆ ಹೇಳುವವರು ಪೆಥಾಲಜಿಸ್ಟ್. ಈ ಕೆಲಸಕ್ಕೆ ಎಂ.ಡಿ.ಯ ಮೂರು ವರ್ಷ ಸಾಲದು, ಅದರ ಮೇಲೊಂದು ಫೆಲೋಶಿಪ್, ಅಂದರೆ ವಿಶೇಷ ತರಬೇತಿ, ಬೇಕು ಎಂಬುದಕ್ಕೆ ಈ ವಿದ್ಯೆಯ ಇತಿಹಾಸವೇ ಸಾಕ್ಷಿ. 1905ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಲೂಯಿಸ್ ವಿಲ್ಸನ್, ಹೆಪ್ಪುಗಟ್ಟಿಸಿದ ಅಂಗಾಂಶವನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ರೋಗಿ ಆಪರೇಷನ್ ಮೇಜಿನ ಮೇಲಿರುವಾಗಲೇ ಉತ್ತರ ಕೊಡುವ ಕ್ರಮವನ್ನು ಪ್ರಕಟಿಸಿದರು. ಪೆಥಾಲಜಿಸ್ಟ್ ಸರ್ಜನ್ನರ ಜೊತೆಗಾರರಾದದ್ದು ಇಂಥ ಕೆಲಸದಿಂದಲೇ. 1953ರಲ್ಲಿ ಲಾರೆನ್ ಆಕರ್‌ಮನ್‌ರ ‘ಸರ್ಜಿಕಲ್ ಪೆಥಾಲಜಿ’ ಪಠ್ಯಪುಸ್ತಕ ಹೊರಬಂತು. ಅದೇ ವರ್ಷ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು. ಎರಡಕ್ಕೂ ನೇರ ನಂಟಿಲ್ಲ, ಆದರೆ ಕುಂದಾಪುರ ಸೀಮೆಗೆ ಈ ವಿದ್ಯೆ ಹತ್ತಿರ ಬಂದದ್ದು ಆ ಕಾಲೇಜಿನಿಂದ.

ಊರಿಗೆ ಸಾಮಾನ್ಯ ಪೆಥಾಲಜಿಸ್ಟರೇ ಸಿಗದಿರುವಾಗ ಇನ್ನೂ ಪರಿಣತರು ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ತೆಗೆದ ಸ್ತನದ ಗಡ್ಡೆಯ ಅಂಚಿಗೆ ಮಸಿ ಬಳಿದು, ಫಾರ್ಮಾಲಿನ್‌ನಲ್ಲಿ ಗಟ್ಟಿಯಾಗಿಸಿ, ಮೇಣದಲ್ಲಿ ಹುದುಗಿಸಿ, ನಾಲ್ಕೈದು ಮೈಕ್ರಾನ್ ದಪ್ಪಕ್ಕೆ ಕೊಯ್ದು ನೋಡುವಾಗ, ಆ ಮಸಿಯ ಗೆರೆಯನ್ನು ಕ್ಯಾನ್ಸರ್ ಕೋಶ ಮುಟ್ಟಿದೆಯೇ ಎಂಬುದರ ಮೇಲೆ ಮತ್ತೊಂದು ಆಪರೇಷನ್ ನಿಂತಿರುತ್ತದೆ. ಅಪರೂಪದ ಗಡ್ಡೆಯನ್ನು ಗುರುತಿಸಲು ಅಂಥವನ್ನು ಮೊದಲೇ ಹಲವು ಬಾರಿ ಹಿರಿಯರ ಜೊತೆ ಕೂತು ನೋಡಿರಬೇಕು. ಪುಸ್ತಕದ ಚಿತ್ರ ಅಷ್ಟು ಕಲಿಸದು. ಪರಿಣತರು ವಂಡ್ಸೆಯಲ್ಲೇ ಇರಬೇಕೆಂದೇನಿಲ್ಲ. ಫಾರ್ಮಾಲಿನ್ ಡಬ್ಬಿ ಮಣಿಪಾಲಕ್ಕೆ ಹೋಗಬಲ್ಲದು, ಸ್ಲೈಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೂ ಹೋಗಬಲ್ಲದು. ಅಲ್ಲಿ ಅದನ್ನು ನೋಡುವ ಕಣ್ಣು ಪಳಗಿರಬೇಕು.