ಅಡಿಕೆ, ತೆಂಗಿನ ಮರ ಹತ್ತುವಾಗ ಸೊಂಟದ ಹಗ್ಗವೊಂದೇ ಸಾಕೇ? ಸುರಕ್ಷಿತವಾಗಿ ಹತ್ತಿ ಇಳಿಯುವುದು ಹೇಗೆ, ಇಲ್ಲಿದೆ ಮಾಹಿತಿ

ಮುಂಗಾರು ಶುರುವಾಗುವ ಹೊತ್ತಿಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಣೆ, 40–45 ದಿನ ಬಿಟ್ಟು ಮತ್ತೊಂದು ಸುತ್ತು, ಮಳೆ ಹಿಂದೆ ಸರಿದ ಮೇಲೆ ಕೊನೆ ಕೊಯ್ಲು. ಮಲೆನಾಡು, ಕರಾವಳಿಯ ಅಡಿಕೆ ತೋಟದಲ್ಲಿ ಒಂದೇ ಮರವನ್ನು ವರ್ಷಕ್ಕೆ ನಾಲ್ಕೈದು ಸಲ ಹತ್ತಬೇಕಾಗುತ್ತದೆ. ಹತ್ತುವವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅನುಭವಿ ಕೊನೆಗಾರರಿಗೆ ವಯಸ್ಸಾಗಿದೆ, ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಹೀಗಾಗಿ ಮುಂಬೈ, ಪುಣೆಯಲ್ಲಿ ಉದ್ಯೋಗದಲ್ಲಿರುವವರೂ ರಜೆ ಹಾಕಿ ಊರಿಗೆ ಬಂದು, ಮರ ಹತ್ತುವ ಯಂತ್ರವೊಂದನ್ನು ಕೊಂಡು ತಾವೇ ಹತ್ತಲು ಮುಂದಾಗುವುದುಂಟು. ಅಂಥವರು ಮೊದಲು ತಿಳಿದುಕೊಳ್ಳಬೇಕಾದದ್ದು ಯಂತ್ರದ ಬಗ್ಗೆ ಅಲ್ಲ, ಹಗ್ಗದ ಬಗ್ಗೆ.

ಬೆಳೆದ ಅಡಿಕೆ ಮರ 50–60 ಅಡಿ ಎತ್ತರವಿರುತ್ತದೆ. 40 ಅಡಿ ಎತ್ತರದಿಂದ ಕೈ ಜಾರಿದರೆ ನೆಲ ಮುಟ್ಟಲು ಬೇಕಾಗುವುದು ಒಂದೂವರೆ ಸೆಕೆಂಡ್ ಚಿಲ್ಲರೆ. ಆ ಹೊತ್ತಿಗೆ ದೇಹದ ವೇಗ ಗಂಟೆಗೆ ಸುಮಾರು 55 ಕಿ.ಮೀ. ತಲುಪಿರುತ್ತದೆ. ತಲೆಯ ಮೇಲಿನ ಮುಟ್ಟಾಳೆ ಬಿಸಿಲಿಗೂ ಮಳೆಗೂ ಆದೀತು, ಈ ಪೆಟ್ಟಿಗೆ ಆಗದು.

ಅಪಾಯ ಇರುವುದು ಹಿಡಿತ ಬದಲಿಸುವಾಗ

ಹಳೆಯ ಪದ್ಧತಿಯಲ್ಲಿ ಕೊನೆಗಾರರು ಪಾದಗಳಿಗೆ ತಳೆ ಹಾಕಿಕೊಂಡು, ಮರವನ್ನು ತಬ್ಬಿ ಹಿಡಿದು ಏರುತ್ತಾರೆ. ಮೇಲೆ ಹೋದ ಮೇಲೆ ಮರವನ್ನೇ ತೂಗಿ, ಪಕ್ಕದ ಮರವನ್ನು ಕೈಯಲ್ಲಿ ಹಿಡಿದು ಅದಕ್ಕೆ ದಾಟಿಕೊಳ್ಳುತ್ತಾರೆ. ಒಮ್ಮೆ ಹತ್ತಿದವರು ಹಲವು ಮರ ಮುಗಿಸಿಯೇ ಇಳಿಯುವ ಈ ಕೌಶಲವನ್ನು ಕೆಳಗೆ ನಿಂತು ನೋಡಿದವರು ಮರೆಯುವುದಿಲ್ಲ. ಆದರೆ ಒಂದು ಮರದ ಹಿಡಿತ ಬಿಟ್ಟು ಇನ್ನೊಂದರ ಹಿಡಿತ ಸಿಗುವ ಆ ಗಳಿಗೆಯಲ್ಲಿ ಅವರನ್ನು ಹಿಡಿದಿಡಲು ಏನೂ ಇರುವುದಿಲ್ಲ.

ಮರದಲ್ಲಿ ನೆಮ್ಮದಿಯಾಗಿ ಕುಳಿತು ಕೆಲಸ ಮಾಡುವಾಗಿನ ಅಪಾಯ ಬೇರೆ, ಹಿಡಿತ ಬದಲಿಸುವಾಗಿನದು ಬೇರೆ. ಕುತ್ತು ಬರುವುದು ಹೆಚ್ಚಾಗಿ ಈ ಎರಡನೆಯದರಲ್ಲಿ: ನೆಲದಿಂದ ಮೊದಲ ಹೆಜ್ಜೆ ಇಡುವಾಗ, ತುದಿಯಲ್ಲಿ ಹಗ್ಗ ಬಿಚ್ಚಿ ಮತ್ತೆ ಕಟ್ಟುವಾಗ, ಮರ ದಾಟುವಾಗ, ದಣಿದು ಇಳಿಯುವಾಗ. ಇಳಿಯುವ ಹೊತ್ತಿಗೆ ಕೈ ಸೋತಿರುತ್ತದೆ, ಮನಸ್ಸು ಕೆಲಸ ಮುಗಿಯಿತು ಎನ್ನುತ್ತಿರುತ್ತದೆ.

ಸೊಂಟದ ಹಗ್ಗ ಯಾಕೆ ಸಾಲದು?

ಸೊಂಟಕ್ಕೂ ಮರಕ್ಕೂ ಸೇರಿಸಿ ಒಂದು ಸುತ್ತು ಹಗ್ಗ ಹಾಕಿಕೊಂಡರೆ ಭದ್ರ ಎಂದು ಹಲವರು ಭಾವಿಸುತ್ತಾರೆ. ಇದು ಅರ್ಧ ಸತ್ಯ. ಹಿಂದಕ್ಕೆ ಒರಗಿ ನಿಂತು ಎರಡೂ ಕೈ ಬಿಟ್ಟು ಕೆಲಸ ಮಾಡಲು ಈ ಸುತ್ತು ಹಗ್ಗ ನೆರವಾಗುತ್ತದೆ. ಕಾಲು ಜಾರಿದರೆ? ಅಡಿಕೆ ಮರಕ್ಕೆ ಕೊಂಬೆಯಿಲ್ಲ, ಮೈ ನುಣುಪು, ಮಳೆಗಾಲದಲ್ಲಿ ಪಾಚಿ ಬೇರೆ. ಸಡಿಲ ಸುತ್ತು ಎಲ್ಲಿಯೂ ನಿಲ್ಲದೆ ಮನುಷ್ಯನ ಜೊತೆಗೇ ಕೆಳಗೆ ಜಾರುತ್ತದೆ.

ನಿಜವಾಗಿ ತಡೆಯುವುದು ಕಾಂಡವನ್ನು ಕುಣಿಕೆಯಂತೆ ಬಿಗಿಯುವ ಹಗ್ಗ, ಅಂದರೆ ಭಾರ ಬಿದ್ದಷ್ಟೂ ಬಿಗಿಯಾಗುವ ಕಟ್ಟು. ಅದನ್ನು ತಲೆಯ ಮಟ್ಟದಲ್ಲಿ ಕಟ್ಟಿ, ಸಡಿಲ ಉಳಿಯದಂತೆ ನೋಡಿಕೊಳ್ಳಬೇಕು. ಹಗ್ಗದಲ್ಲಿ ಮೂರು ಅಡಿ ಸಡಿಲವಿದ್ದರೆ ಅಷ್ಟು ದೂರ ಬಿದ್ದ ಮೇಲೆಯೇ ಅದು ಹಿಡಿಯುವುದು. ಆ ಜಗ್ಗಿಗೆ ಬರೀ ಸೊಂಟಪಟ್ಟಿ ಇದ್ದರೆ ಹೊಟ್ಟೆಗೂ ಬೆನ್ನಿಗೂ ಏಟು ಖಚಿತ. ಎರಡು ತೊಡೆ, ಎರಡು ಭುಜವನ್ನೂ ಹಿಡಿಯುವ ಪೂರ್ಣ ಹಾರ್ನೆಸ್ ಬೇಕು ಎನ್ನುವುದು ಇದಕ್ಕೇ. ಕೊಳ್ಳುವಾಗ ಐಎಸ್ 3521 ಗುರುತು ಇದೆಯೇ ಎಂದು ನೋಡಬೇಕು.

ಅಮೆರಿಕದ ಬೇಟೆಗಾರರಲ್ಲಿರುವ ಒಂದು ಕ್ರಮ

ಇದೇ ಸಮಸ್ಯೆಯನ್ನು ದೂರದ ಇನ್ನೊಂದು ಕಡೆ ಬೇರೆ ಕಾರಣಕ್ಕೆ ಮರ ಹತ್ತುವವರು ಎದುರಿಸುತ್ತಾರೆ. ಅಮೆರಿಕದಲ್ಲಿ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುವವರಲ್ಲಿ ಕೆಲವರು ಮರದಲ್ಲಿ ಅಟ್ಟಣೆ ಕಟ್ಟುವ ಬದಲು 'ಸ್ಯಾಡಲ್' ಎಂಬ ಬಟ್ಟೆಯ ಜೋಲಿಯಲ್ಲಿ ಕೂರುತ್ತಾರೆ. (ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ. ಇಲ್ಲಿ ಗಮನಿಸಬೇಕಾದದ್ದು ಹಗ್ಗದ ಕ್ರಮವನ್ನಷ್ಟೇ.)

ಅವರ ಬಳಿ ಎರಡು ಹಗ್ಗ ಇರುತ್ತವೆ. ಒಂದು ವಿದ್ಯುತ್ ಕಂಬ ಹತ್ತುವ ಲೈನ್‌ಮನ್‌ಗಳು ಬಳಸುವಂಥ ಸುತ್ತು ಹಗ್ಗ. ನೆಲದಲ್ಲಿ ನಿಂತಿರುವಾಗಲೇ ಇದನ್ನು ಸಿಕ್ಕಿಸಿಕೊಂಡು ಏರುತ್ತಾರೆ. ಇನ್ನೊಂದು 'ಟೆದರ್', ಮೇಲೆ ಮರವನ್ನು ಕುಣಿಕೆಯಾಗಿ ಬಿಗಿಯುವಂಥದ್ದು. ಟೆದರ್ ಕಟ್ಟಿ, ಮೈಭಾರ ಹಾಕಿ ಪರೀಕ್ಷಿಸಿದ ಮೇಲೆಯೇ ಮೊದಲ ಹಗ್ಗ ಬಿಚ್ಚಬೇಕು. ಇಳಿಯುವಾಗ ಇದೇ ಕ್ರಮ ತಿರುಗುಮುರುಗು. ಕೊಂಬೆ ಅಡ್ಡ ಬಂದರೂ, ಹಗ್ಗದ ಜಾಗ ಬದಲಿಸಬೇಕಾದರೂ, ಯಾವ ಗಳಿಗೆಯಲ್ಲೂ ಒಂದಾದರೂ ಹಗ್ಗ ಮರಕ್ಕೆ ಕಟ್ಟಿರಲೇಬೇಕು.

ಹಗ್ಗದ ಉದ್ದ ಹೊಂದಿಸಲು ಬಳಸುವ ಗಂಟಿಗೆ ಪ್ರುಸಿಕ್ ಎಂದು ಹೆಸರು. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರುಸಿಕ್ 1931ರಲ್ಲಿ ಪ್ರಕಟಿಸಿದ ಗಂಟು ಇದು. ಭಾರವಿಲ್ಲದಾಗ ಹಗ್ಗದ ಮೇಲೆ ಸರಾಗವಾಗಿ ಸರಿಯುತ್ತದೆ, ಭಾರ ಬಿದ್ದೊಡನೆ ಕಚ್ಚಿಕೊಳ್ಳುತ್ತದೆ. ಒಂದು ಷರತ್ತಿದೆ: ಗಂಟಿನ ದಾರ ಮುಖ್ಯ ಹಗ್ಗಕ್ಕಿಂತ ತೆಳುವಾಗಿರಬೇಕು. ಎರಡೂ ಒಂದೇ ದಪ್ಪವಿದ್ದರೆ ಹಿಡಿತ ನಂಬುವಂತಿಲ್ಲ.

ಯಂತ್ರ ಇದ್ದರೂ ಹಗ್ಗ ಬೇಕು

ತೆಂಗಿಗೆ ಹೆಚ್ಚು ಬಳಕೆಯಲ್ಲಿರುವುದು ಕೇರಳದ ಚೆಂಬೇರಿ ಜೋಸೆಫ್ ಮಾದರಿಯ ಸಾಧನ. ಎರಡು ಉಕ್ಕಿನ ತಂತಿ ಹಗ್ಗಗಳು ಮರವನ್ನು ಸುತ್ತುತ್ತವೆ, ಒಂದೊಂದು ಕಾಲಿಗೆ ಒಂದೊಂದು. ಒಂದರ ಮೇಲೆ ಭಾರ ಹಾಕಿ ಇನ್ನೊಂದನ್ನು ಮೇಲಕ್ಕೆ ಸರಿಸುತ್ತಾ ಹೋಗಬೇಕು. ಕಲಿಯಲು ಸುಲಭ. ಆದರೆ ಪಾದ ಸಾಧನದಲ್ಲೇ ಸಿಕ್ಕಿದ್ದು ಕೈ ತಪ್ಪಿದರೆ ಹತ್ತುವವರು ಹಿಂದಕ್ಕೆ ಮಗುಚುವ ಭಯವಿದೆ. ಅದಕ್ಕಾಗಿಯೇ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಈ ಸಾಧನಕ್ಕೆ ಪ್ರತ್ಯೇಕ ಸುರಕ್ಷತಾ ಜೋಡಣೆ ರೂಪಿಸಿದೆ. ಅದಿಲ್ಲದ ಯಂತ್ರ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವುದು ಉಳಿತಾಯವಲ್ಲ.

ಅಡಿಕೆಗೆ ಬಂದರೆ, ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ ಅವರ ಪೆಟ್ರೋಲ್ ಎಂಜಿನ್ನಿನ 'ಮರ ಹತ್ತುವ ಬೈಕ್' 2019ರಲ್ಲಿ ದೇಶದ ಗಮನ ಸೆಳೆದಿತ್ತು. ಕುಳಿತೇ ಏರುವುದರಿಂದ ಮೈ ದಣಿವು ಕಡಿಮೆ. ಆದರೂ ಮರ ಗಟ್ಟಿಯಿದೆಯೇ ಎಂದು ನೋಡುವ ಕಣ್ಣು ಯಂತ್ರಕ್ಕಿಲ್ಲ.

ಆ ಕಣ್ಣು ಹಳಬರಿಗಿತ್ತು. ನೈಋತ್ಯ ದಿಕ್ಕಿನ ಬಿಸಿಲು ನೇರ ಬೀಳುವ ಅಂಚಿನ ಮರಗಳ ಕಾಂಡ ಆ ಬದಿಯಲ್ಲಿ ಸುಟ್ಟು, ಬಿರುಕು ಬಿಟ್ಟು, ಗಾಳಿಗೆ ಅಲ್ಲಿಯೇ ಮುರಿಯುತ್ತದೆ. ಅಣಬೆ ರೋಗ ಹಿಡಿದ ಮರದ ಬುಡ ಟೊಳ್ಳಾಗಿರುತ್ತದೆ. ಇಂಥ ಮರ ಮುರಿದರೆ ಎಷ್ಟೇ ಒಳ್ಳೆಯ ಹಗ್ಗ ಇದ್ದರೂ ಮರದೊಂದಿಗೆ ಮನುಷ್ಯನೂ ಬರುತ್ತಾನೆ. ಹತ್ತುವ ಮುನ್ನ ಸುತ್ತಲೂ ನಡೆದು ನೋಡಬೇಕು, ಬುಡಕ್ಕೆ ತಟ್ಟಿ ಸದ್ದು ಕೇಳಬೇಕು, ಮೇಲೆ ಕಣಜದ ಗೂಡಿದೆಯೇ ಗಮನಿಸಬೇಕು. ಮಳೆ ನಿಂತ ಕೂಡಲೇ ಹತ್ತದೆ ಕಾಂಡ ಆರುವವರೆಗೆ ಕಾಯಬೇಕು. ಸಿಂಪಡಣೆಯ ದಿನಗಳಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ ಮಾತು, ಏಕೆಂದರೆ ಮಳೆ ಬಿಡುವು ಕೊಡುವುದೇ ಒಂದೆರಡು ಗಂಟೆ.

ಕೂಲಿಯ ಲೆಕ್ಕವೂ ಸುರಕ್ಷತೆಯ ಲೆಕ್ಕವೇ

ಮರದಿಂದ ಮರಕ್ಕೆ ದಾಟುವ ಕೊನೆಗಾರರಿಗೆ ಹಗ್ಗ ಕಟ್ಟಿ ಬಿಚ್ಚುವುದು ಅಡ್ಡಿಯೇ. ಪ್ರತಿ ಮರ ಇಳಿದು ಮತ್ತೆ ಹತ್ತಿದರೆ ದಿನದ ಕೆಲಸ ಅರ್ಧಕ್ಕಿಳಿಯಬಹುದು. ಕೊನೆಗಿಷ್ಟು ಎಂದು ಕೂಲಿ ಕೊಡುವ ಕಡೆ ಹಗ್ಗ ಕಟ್ಟಿದವರ ಸಂಪಾದನೆಯೇ ಇಳಿಯುತ್ತದೆ. ತೋಟದ ಮಾಲೀಕರು ಹಾರ್ನೆಸ್ ತಂದುಕೊಟ್ಟು, ಲೆಕ್ಕ ಮಾತ್ರ ಕೊನೆಯ ಮೇಲೇ ಇಟ್ಟರೆ ಅದು ಕೊಟ್ಟಿಗೆಯ ಗೂಟದಲ್ಲಿ ನೇತಾಡುತ್ತಲೇ ಇರುತ್ತದೆ. ದಿನಗೂಲಿ ಮಾಡಿದರೆ ಈ ಅವಸರ ತಪ್ಪುತ್ತದೆ.

ದೋಟಿ ಹಿಡಿದು ನೆಲದಲ್ಲಿ ನಿಂತವರಿಗೂ ಅಪಾಯ

ಉದ್ದನೆಯ ದೋಟಿ ಬಂದ ಮೇಲೆ ಹತ್ತದೆಯೇ ಕೊಯ್ಯಬಹುದು, ಸಿಂಪಡಿಸಬಹುದು. ಬೀಳುವ ಭಯ ಇಲ್ಲವಾಯಿತು, ವಿದ್ಯುತ್ ತಂತಿಯ ಭಯ ಸೇರಿಕೊಂಡಿತು. ಅಲ್ಯೂಮಿನಿಯಂ ದೋಟಿಯಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಗುರವಾದ ಕಾರ್ಬನ್ ಫೈಬರ್ ದೋಟಿ ಲೋಹವಲ್ಲವಲ್ಲ ಎಂದು ಧೈರ್ಯ ಮಾಡುವವರಿದ್ದಾರೆ. ಕಾರ್ಬನ್ ಫೈಬರ್‌ನಲ್ಲೂ ವಿದ್ಯುತ್ ಹರಿಯುತ್ತದೆ. ತಂತಿ ಹಾದುಹೋಗುವ ಸಾಲಿನಲ್ಲಿ ಲೈನ್ ಬಂದ್ ಮಾಡಿಸದೆ ಯಾವ ದೋಟಿಯನ್ನೂ ಎತ್ತಬಾರದು.

ಬಿದ್ದರೆ, ಹಗ್ಗದಲ್ಲಿ ನೇತಾಡಿದರೆ ಏನು ಮಾಡಬೇಕು?

ತೋಟದಲ್ಲಿ ಒಬ್ಬರೇ ಹತ್ತುವಂತಿಲ್ಲ. ಮಲೆನಾಡಿನ ಎಷ್ಟೋ ತೋಟಗಳಲ್ಲಿ ಮೊಬೈಲ್ ಸಿಗ್ನಲ್ ಇರದ ಕಾರಣ ಕೊರಳಲ್ಲೊಂದು ಸೀಟಿ ಇರುವುದು ಒಳ್ಳೆಯದು. ಹಾರ್ನೆಸ್‌ನಲ್ಲಿ ಅಲುಗಾಡದೆ ತೂಗುತ್ತಾ ಉಳಿದರೆ ಕಾಲಿನಲ್ಲಿ ರಕ್ತ ನಿಂತು ಪ್ರಜ್ಞೆ ತಪ್ಪಬಹುದು, ಜೀವಕ್ಕೂ ಕುತ್ತು ಬರಬಹುದು. ನೇತಾಡುವವರು ಕಾಲು ಆಡಿಸುತ್ತಿರಬೇಕು, ಕೆಳಗಿನವರು ತಡಮಾಡದೆ ಇಳಿಸಬೇಕು. ಇಳಿಸುವುದು ಹೇಗೆಂದು ಹತ್ತುವ ಮೊದಲೇ ಮಾತಾಡಿಕೊಂಡಿರಬೇಕು.

ನೆಲಕ್ಕೆ ಬಿದ್ದವರನ್ನು ಎತ್ತಿ ಕೂರಿಸುವುದು, ನೀರು ಕುಡಿಸುವುದು, ಆಟೋದಲ್ಲಿ ಮಡಿಸಿ ಕೂರಿಸಿಕೊಂಡು ಹೋಗುವುದು ಸಲ್ಲದು. ಬೆನ್ನುಮೂಳೆ ಮುರಿದಿದ್ದರೆ ಈ ಎಳೆದಾಟದಿಂದಲೇ ಕಾಲಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿರುವಂತೆ ಮಲಗಿರಲು ಬಿಟ್ಟು 108ಕ್ಕೆ ಕರೆ ಮಾಡಬೇಕು. ಸಾಗಿಸಲೇಬೇಕಾದರೆ ಮೂರ್ನಾಲ್ಕು ಮಂದಿ ಸೇರಿ ಹಲಗೆಯ ಮೇಲೆ ಒಟ್ಟಿಗೆ ಹೊರಳಿಸಿ ಸಾಗಿಸಬೇಕು.

ವಿಮೆ ಯಾವುದಿದೆ?

ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ 'ಕೇರ ಸುರಕ್ಷಾ' ಅಪಘಾತ ವಿಮೆ ಇದೆ. ಅಡಿಕೆ ಕೊಯ್ಯುವವರೂ ಸೇರಿದಂತೆ ಬ್ಯಾಂಕ್ ಅಥವಾ ಅಂಚೆ ಉಳಿತಾಯ ಖಾತೆಯಿರುವ 18ರಿಂದ 70 ವರ್ಷದ ಯಾರೇ ಆಗಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಬಹುದು. ವರ್ಷಕ್ಕೆ 20 ರೂಪಾಯಿ ಪ್ರೀಮಿಯಂ. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ ರೂ., ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ 1 ಲಕ್ಷ ರೂ. ಸಿಗುತ್ತದೆ. ಪ್ರತಿ ವರ್ಷ ಜೂನ್ 1ರಿಂದ ಮೇ 31ರವರೆಗಿನ ಅವಧಿಗೆ ಇದು ಅನ್ವಯವಾಗುವುದರಿಂದ, ಬೋರ್ಡೋ ಸಿಂಪಡಣೆ ಶುರುವಾಗುವ ಮುನ್ನ ಮೇ ತಿಂಗಳಲ್ಲೇ ಖಾತೆಯಲ್ಲಿ 20 ರೂಪಾಯಿ ಇರುವಂತೆ ನೋಡಿಕೊಂಡರಾಯಿತು.