ಬಾವುಟದ ಅರ್ಥ: ಮೈಸೂರು ಸೀಮೆಯ ನಿದರ್ಶನಗಳು

ರಾಷ್ಟ್ರಧ್ವಜದ ಬಣ್ಣಗಳಿಗೆ ಹುಟ್ಟಿನಿಂದಲೇ ಒಂದೊಂದು ಅರ್ಥ ಅಂಟಿಕೊಂಡಿದೆ ಎಂಬ ನಂಬಿಕೆ ಸಾಮಾನ್ಯ. ಶಾಲೆಗಳಲ್ಲಿ ಬಾಯಿಪಾಠ ಮಾಡಿಸುವುದೂ ಹಾಗೆಯೇ. ಭಾರತದ ಬಾವುಟದ ಇತಿಹಾಸ ಇದಕ್ಕೆ ಒಪ್ಪುವುದಿಲ್ಲ. 1921ರಲ್ಲಿ ಪಿಂಗಳಿ ವೆಂಕಯ್ಯ ಬೆಜವಾಡದಲ್ಲಿ ಗಾಂಧೀಜಿಗೆ ತೋರಿಸಿದ ನಮೂನೆಯಲ್ಲಿ ಕೆಂಪು ಹಿಂದೂಗಳದು, ಹಸಿರು ಮುಸ್ಲಿಮರದು. ಉಳಿದವರಿಗೆಂದು ಬಿಳಿ ಸೇರಿಸಿದವರು ಗಾಂಧೀಜಿ. 1931ರಲ್ಲಿ ಕಾಂಗ್ರೆಸ್ಸು ಕೆಂಪಿನ ಬದಲು ಕೇಸರಿ ತಂದಿತು. ಬಣ್ಣಗಳಿಗೆ ಮತೀಯ ಅರ್ಥವಿಲ್ಲ, ಅವು ಧೈರ್ಯ-ತ್ಯಾಗ, ಸತ್ಯ-ಶಾಂತಿ, ಶ್ರದ್ಧೆ-ಶೌರ್ಯಗಳ ಗುರುತು ಎಂದು ಠರಾವು ಮಾಡಿತು. 1947ರ ಜುಲೈ 22ರಂದು ಸಂವಿಧಾನ ಸಭೆ ಧ್ವಜವನ್ನು ಅಂಗೀಕರಿಸಿದ ವೇಳೆಗೆ ರಾಧಾಕೃಷ್ಣನ್ ಅದೇ ಹಸಿರಿನಲ್ಲಿ ಮಣ್ಣಿನ, ಸಸ್ಯಗಳ ನಂಟನ್ನು ಕಂಡರು. ಹಸಿರು ಒಂದೇ, ವಿವರಣೆ ಮೂರು.

ಹಾಗಾದರೆ ಅಧಿಕಾರದಲ್ಲಿದ್ದವರು ಹೇಳಿದ್ದೇ ಅರ್ಥ ಎನ್ನಬಹುದಲ್ಲ? ಹಳೆಯ ರಾಜಲಾಂಛನಗಳ ಮಟ್ಟಿಗೆ ಈ ಮಾತು ಹೆಚ್ಚುಕಡಿಮೆ ನಿಜ. ಬಳ್ಳಿಗಾವಿಯಲ್ಲಿ 1047ರಷ್ಟು ಹಿಂದೆಯೇ ಕಂಬವೇರಿದ ಗಂಡಭೇರುಂಡ ವಿಜಯನಗರದ ಅಚ್ಯುತರಾಯನ ನಾಣ್ಯಗಳಿಗೆ ಬಂತು, ಮುಂದೆ ಮೈಸೂರು ಒಡೆಯರ ಲಾಂಛನವಾಯಿತು. ಮೈಸೂರು ಸೀಮೆಯ ಉಮ್ಮತ್ತೂರನ್ನೇ ನೋಡಿ: ಅಲ್ಲಿನ ಪಾಳೆಯಗಾರ ಗಂಗರಾಜನನ್ನು ವಿಜಯನಗರದ ಕೃಷ್ಣದೇವರಾಯ ಮಣಿಸಿದ. 1613ರಲ್ಲಿ ಆ ಸೀಮೆ ರಾಜ ಒಡೆಯರ ವಶವಾಯಿತು. ಎರಡು ಅರಸೊತ್ತಿಗೆಗಳು ಬದಲಾದರೂ ಅಲ್ಲಿನ ಜನ ಕಂಡದ್ದು ಎರಡು ತಲೆಯ ಆ ಒಂದೇ ಹಕ್ಕಿಯನ್ನು. ಅದರ ಅರ್ಥವೇನೆಂದು ಅವರನ್ನು ಯಾರೂ ಕೇಳಿರಲಾರರು. 1938ರ ಏಪ್ರಿಲ್‌ನಲ್ಲಿ ಪರಿಸ್ಥಿತಿ ತಿರುವುಮುರುವಾಯಿತು. ಮದ್ದೂರು ಬಳಿಯ ಶಿವಪುರದಲ್ಲಿ ಸಂಸ್ಥಾನದ ನಿಷೇಧಾಜ್ಞೆ ಮುರಿದು ಕಾಂಗ್ರೆಸ್ಸಿನ ಟಿ. ಸಿದ್ದಲಿಂಗಯ್ಯ ತ್ರಿವರ್ಣ ಧ್ವಜ ಹಾರಿಸಿದರು; ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಕೊನೆಗೆ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಒಪ್ಪಂದವಾಗಿ, ಮೈಸೂರಿನ ಧ್ವಜದ ಜೊತೆಗೆ ತ್ರಿವರ್ಣಕ್ಕೂ ಜಾಗ ಸಿಕ್ಕಿತು. ಶಿವಪುರದಲ್ಲಿ ಸೇರಿದವರಿಗೆ ಆ ಬಾವುಟವೆಂದರೆ ಜವಾಬ್ದಾರಿ ಸರ್ಕಾರದ, ಅಂದರೆ ಜನಪ್ರತಿನಿಧಿಗಳಿಗೆ ಉತ್ತರಿಸಬೇಕಾದ ಸರ್ಕಾರದ, ಬೇಡಿಕೆ. ಯಾವ ಠರಾವಿನಲ್ಲೂ ಕೇಸರಿ, ಬಿಳಿ, ಹಸಿರಿಗೆ ಆ ಅರ್ಥ ಬರೆದಿರಲಿಲ್ಲ.

ಅರ್ಥವೆಲ್ಲ ಎತ್ತಿ ಹಿಡಿದವರದೇ ಆದರೆ ವಿನ್ಯಾಸಕ್ಕೆ ಬೆಲೆಯೇ ಇಲ್ಲವೆ ಎಂಬ ಆಕ್ಷೇಪ ಮೊದಲಿನದಕ್ಕಿಂತ ಗಟ್ಟಿಯಾದದ್ದು. ಬೆಲೆ ಇದೆ, ಆದರೆ ಅದು ಬಟ್ಟೆಯ ಮಟ್ಟದ್ದು. ಕಾಂಗ್ರೆಸ್ಸಿನ ತ್ರಿವರ್ಣದ ಮೇಲಿದ್ದ ಚರಕದಲ್ಲಿ ಒಂದು ತುದಿಗೆ ಗಾಲಿ, ಇನ್ನೊಂದಕ್ಕೆ ಕದಿರು. ಬಾವುಟದ ಹಿಂಬದಿಯಿಂದ ನೋಡಿದರೆ ಅದು ತಿರುಗಮುರುಗ. ನೆಹರೂ ಸಂವಿಧಾನ ಸಭೆಯಲ್ಲಿ ಈ ತೊಡಕನ್ನು ಎತ್ತಿ ಹೇಳಿಯೇ ಗಾಲಿಯೊಂದನ್ನು ಉಳಿಸಿಕೊಂಡುದನ್ನು ಸಮರ್ಥಿಸಿದರು. 24 ಅರಗಳ ಅಶೋಕ ಚಕ್ರ ಎರಡು ಕಡೆಯಿಂದಲೂ ಒಂದೇ ತರ ಕಾಣುತ್ತದೆ. ಚಕ್ರವೆಂದರೆ ಧರ್ಮ ಎಂಬ ವ್ಯಾಖ್ಯಾನದ ಪಕ್ಕದಲ್ಲಿ ಈ ದರ್ಜಿ ಲೆಕ್ಕಾಚಾರವನ್ನೂ ಇಟ್ಟು ನೋಡಬೇಕು.

ಕನ್ನಡ ಬಾವುಟದ ಕಥೆ ಈ ವಾದಕ್ಕೆ ಹತ್ತಿರದ ಸಾಕ್ಷಿ. 1960ರ ದಶಕದಲ್ಲಿ ಕನ್ನಡ ಹೋರಾಟಗಾರ ಮ. ರಾಮಮೂರ್ತಿ ರೂಪಿಸಿದ ಅರಿಶಿನ-ಕುಂಕುಮದ ಬಾವುಟಕ್ಕೆ ಕಾನೂನಿನ ಮುದ್ರೆ ಇರಲಿಲ್ಲ. 2018ರ ಮಾರ್ಚ್‌ನಲ್ಲಿ ಸಿದ್ದರಾಮಯ್ಯ ಸರ್ಕಾರ ನಡುವೆ ಬಿಳಿ ಪಟ್ಟಿ, ಅದರ ಮೇಲೆ ಗಂಡಭೇರುಂಡದ ರಾಜ್ಯಲಾಂಛನ ಇರಿಸಿದ ನಾಡಧ್ವಜವನ್ನು ಅನಾವರಣ ಮಾಡಿ ಕೇಂದ್ರದ ಒಪ್ಪಿಗೆ ಕೋರಿತು. ಒಪ್ಪಿಗೆ ಬರಲಿಲ್ಲ. ನವೆಂಬರ್ 1ರ ರಾಜ್ಯೋತ್ಸವದಂದು ತಮಿಳುನಾಡು, ಕೇರಳಗಳ ಗಡಿಗೆ ತಾಗಿದ ಚಾಮರಾಜನಗರ ಜಿಲ್ಲೆಯಲ್ಲೂ ಏರುವುದು ಎರಡು ಬಣ್ಣದ ಹಳೆಯ ಬಾವುಟವೇ.