45ಕ್ಕೆ ವಿಮಾನದ ಧಂದೆ: ನಮ್ಮ ಹಿಸ್ಟರಿ, ಭಾಗ 6

45ನೇ ವಯಸ್ಸಿಗೆ ಯಾರಾದ್ರೂ ಹೊಸ ಕೆಲಸ ಹಿಡೀತಾರೇನ್ರಿ? ನಮ್ಮ ಕಡೆ ಆ ವಯಸ್ಸಿಗೆ ಮಗಳ ಮದುವಿ ಮಾತು, ಶುಗರ್ ಚೆಕ್, ಅಷ್ಟೇ. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಹೆಲಿಕಾಪ್ಟರ್ ಕಂಪನಿ ತೆಗೆದದ್ದು ಆ ವಯಸ್ಸಿಗೇ. ‘ಸೂರರೈ ಪೋಟ್ರು’ ಸಿನಿಮಾ ನೋಡಿದವರಿಗೆ ಕಥಿ ಅರ್ಧ ಗೊತ್ತು. ಅಸಲಿ ಕಥಿ ನಮ್ಮ ಹಾಸನ ಜಿಲ್ಲೆದು.

1951ರಲ್ಲಿ ಹುಟ್ಟಿ ಗೊರೂರಲ್ಲಿ ಬೆಳೆದವರು. ಸೈನ್ಯ ಸೇರಿದರು, 1971ರ ಯುದ್ಧ ಕಂಡರು, 28ರ ಸುಮಾರಿಗೆ ಬಿಟ್ಟು ಬಂದರು. ಮನೆತನದ ಹೊಲ ಹೇಮಾವತಿ ಡ್ಯಾಮಿನ ನೀರಿಗೆ ಹೋಗಿತ್ತು. ಬದಲಿಗೆ ಸಿಕ್ಕಿದ್ದು ಜಾವಗಲ್ ಹತ್ತಿರದ ಬರಡು ನೆಲ. ಆಲಮಟ್ಟಿ, ನಾರಾಯಣಪುರದ ಹಿನ್ನೀರಿಗೆ ಹೊಲ-ಮನಿ ಕೊಟ್ಟ ನಮ್ಮವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. (ಪರಿಹಾರದ ರೊಕ್ಕ ಎಲ್ಲಿ ಹೋತು ಅಂತ ಮನ್ಯಾಗ ಹಿರಿಯರನ್ನ ಒಮ್ಮೆ ಕೇಳ್ರಿ. ಅದು ಬೇರೇನೇ ಹಿಸ್ಟರಿ.)

ಆ ನೆಲದಾಗ ಟೆಂಟ್ ಹಾಕಿ ಕೂತರು. ರೇಷ್ಮೆ, ಹೈನು, ಕೋಳಿ, ಬೈಕ್ ಡೀಲರ್‌ಶಿಪ್, ಉಡುಪಿ ಹೋಟೆಲ್, ಎಲ್ಲಾ ಮಾಡಿ ನೋಡಿದರು. ಪರಿಸರಕ್ಕೆ ಹೊಂದುವ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಮರುವರ್ಷ ಡೆಕ್ಕನ್ ಏವಿಯೇಷನ್.

ಇಲ್ಲಿ ಬಹಳ ಮಂದಿ ತಪ್ಪು ತಿಳೀತಾರ. ಗೋಪಿನಾಥ್ ಪೈಲಟ್ ಅಲ್ಲ! ಆ ‘ಕ್ಯಾಪ್ಟನ್’ ಸೈನ್ಯದ್ದು. ಹಾರಿಸೋದು ಗೊತ್ತಿದ್ದವರು ಜೊತೆಗಾರ ಕ್ಯಾಪ್ಟನ್ ಕೆ.ಜೆ. ಸ್ಯಾಮ್ಯುಯೆಲ್, ಸೈನ್ಯದಾಗ ಹೆಲಿಕಾಪ್ಟರ್ ಓಡಿಸಿದವರು. ಒಬ್ಬರ ಕಡೆ ಹಾರಾಟದ ಅನುಭವ, ಇನ್ನೊಬ್ಬರ ಕಡೆ ಹದಿನೈದು ವರ್ಷಕ್ಕೂ ಹೆಚ್ಚು ಲಾಭ-ಲುಕ್ಸಾನು ಉಂಡ ಅನುಭವ. ನಡುವಯಸ್ಸಿನಾಗ ದಾರಿ ಬದಲಿಸಿದವರು ಸೊನ್ನೆಯಿಂದ ಶುರು ಮಾಡ್ತಾರ ಅನ್ನೋದನ್ನ ನಾನಂತೂ ಒಪ್ಪೋದಿಲ್ಲ.

2003ರ ಆಗಸ್ಟ್‌ನಾಗ ಏರ್ ಡೆಕ್ಕನ್ ಮೊದಲ ವಿಮಾನ ಬೆಂಗಳೂರಿಂದ ಹಾರಿ ಬಂದದ್ದು ನಮ್ಮ ಹುಬ್ಬಳ್ಳಿಗೆ. ಸಣ್ಣ ಎಟಿಆರ್ ವಿಮಾನ, ಸಣ್ಣ ಊರು. ಪುಕ್ಕಟೆ ಊಟ ಇಲ್ಲ. ಟಿಕೆಟ್ ಪೆಟ್ರೋಲ್ ಬಂಕಿನಾಗೂ ಸಿಗ್ತಿತ್ತು, 1 ರೂಪಾಯಿ ಟಿಕೆಟ್ಟೂ ಇತ್ತು. ಬಿಕಾಂನವರೇ, ಮುಂದಿನದನ್ನ ಗಮನಿಸ್ರಿ: 2006ರಾಗ ಐಪಿಒಗೆ ಹೋದಾಗ ಶೇರು ಕೇಳುವವರೇ ಕಡಿಮೆ. ಕೊನೆ ದಿನಾಂಕ ಮುಂದೂಡಿ, ದರ ಇಳಿಸಬೇಕಾತು. 2007ರಾಗ ವಿಜಯ್ ಮಲ್ಯ ಪಾಲು ಕೊಂಡರು, 2008ಕ್ಕೆ ಕಿಂಗ್‌ಫಿಷರ್ ಜೊತೆ ವಿಲೀನ. ಟಿಕೆಟ್ ಅಗ್ಗ ಆದ್ರೆ ವಿಮಾನ ತುಂಬ್ತದ ಖರೆ, ಗಲ್ಲಾಪೆಟ್ಟಿಗಿ ತುಂಬೋದಿಲ್ಲ.

ಹಂಗಾದ್ರ 40 ದಾಟಿದವರು ಖುದ್ದು ಪೈಲಟ್ ಆಗಬಹುದಾ ಅಂತ ಕೇಳ್ತೀರಿ. ಕಮರ್ಷಿಯಲ್ ಲೈಸೆನ್ಸಿಗೆ 18 ತುಂಬಿರಬೇಕು, ಕಠಿಣ ಮೆಡಿಕಲ್ ಪಾಸಾಗಬೇಕು, 200 ತಾಸು ಹಾರಾಟ ಬೇಕು. ಪಿಯುಸಿಯಾಗ ಫಿಸಿಕ್ಸ್, ಮ್ಯಾಥ್ಸ್ ಇಲ್ಲದ ನಮ್ಮಂಥ ಕಾಮರ್ಸ್‌ನವರು ಎನ್‌ಐಒಎಸ್‌ನಾಗ ಆ ಎರಡು ಪೇಪರ್ ಬರೆದು ಹೋಗಿದ್ದಾರ. ಪ್ರಯಾಣಿಕರ ವಿಮಾನ ಹಾರಿಸೋಕೆ 65ರ ತನಕ ಅವಕಾಶ. ಲೆಕ್ಕ ನೀವೇ ಹಾಕ್ರಿ. ರೊಕ್ಕದ ಲೆಕ್ಕ ಮಾತ್ರ ಮೊದಲು ಹಾಕ್ರಿ, ಖರ್ಚು ಹತ್ತಾರು ಲಕ್ಷದಾಗ ಐತಿ.

ಭಾಗ 7: 1932ರಾಗ ಟಾಟಾ ಅವರ ಮೊದಲ ಟಪಾಲು ವಿಮಾನ ಮದ್ರಾಸಿಗೆ ಹೊಂಟಾಗ ರಾತ್ರಿ ತಂಗಿದ್ದು ನಮ್ಮ ಬಳ್ಳಾರಿಯಾಗ!